ತಗ್ಗಿನ ತೋಟ ಸುಟ್ಟ ಚಳಿ

1784ರ ಡಿಸೆಂಬರ್ 7ರಂದು ಹಿಡಿದ ಹಿಮ ಎರಡು ದಿನ ಬಿಡಲಿಲ್ಲ. ಇಂಗ್ಲೆಂಡಿನ ಹ್ಯಾಂಪ್‌ಶೈರ್ ಸೀಮೆಯ ಸೆಲ್‌ಬೋರ್ನ್ ಹಳ್ಳಿಯಲ್ಲಿ 9ರ ಬೆಳಗಾಗುವಷ್ಟರಲ್ಲಿ ಓಣಿಗಳೆಲ್ಲ ಮುಚ್ಚಿಹೋಗಿದ್ದವು. ನೆಲದ ಮೇಲೆ ಒಂದಡಿಗೂ ಮಿಕ್ಕಿ ಹಿಮ ಕೂತಿತ್ತು. ಸಂಜೆ ಚಳಿ ಕೊರೆಯತೊಡಗಿದಾಗ ಪಾದ್ರಿ ಗಿಲ್ಬರ್ಟ್ ವೈಟ್‌ಗೆ ಒಳಗೆ ಕೂರಲಾಗಲಿಲ್ಲ. ಎರಡು ಥರ್ಮಾಮೀಟರ್ ತಂದು ಹೊರಗೆ ತೂಗುಹಾಕಿದ. ಒಂದು ಡಾಲಂಡ್ ತಯಾರಿಸಿದ್ದು, ಇನ್ನೊಂದು ಮಾರ್ಟಿನ್ ತಯಾರಿಸಿದ್ದು.

ಅವನಿಗೆ ಆಗ 64 ವರ್ಷ. ಯಾವ ಬೀಜ ಯಾವತ್ತು ಊರಿದ್ದು, ಸೌತೆ ಯಾವಾಗ ಬಿಟ್ಟಿದ್ದು ಎಂದು 1751ರಿಂದಲೂ ತೋಟದ ಲೆಕ್ಕ ಬರೆದಿಟ್ಟುಕೊಂಡು ಬಂದವನು. ಚಳಿಯ ಲೆಕ್ಕವನ್ನು ಬಿಟ್ಟಾನೆಯೇ? ರಾತ್ರಿ ಹತ್ತಕ್ಕೆ ಪಾದರಸ 21 ಡಿಗ್ರಿ ಫ್ಯಾರನ್‌ಹೀಟ್‌ಗೆ ಇಳಿದಿತ್ತು. ನೀರು ಹೆಪ್ಪುಗಟ್ಟುವುದೇ 32ರಲ್ಲಿ. ಹನ್ನೊಂದಕ್ಕೆ 4. ಬೆಳಗ್ಗೆ ಎದ್ದು ನೋಡಿದರೆ ಡಾಲಂಡ್ ಥರ್ಮಾಮೀಟರ್ ಸೊನ್ನೆಗಿಂತ ಅರ್ಧ ಡಿಗ್ರಿ ಕೆಳಗಿತ್ತು. ಮಾರ್ಟಿನ್‌ನದರಲ್ಲಿ 4ರ ಕೆಳಗೆ ಗೆರೆಯನ್ನೇ ಹಾಕಿರಲಿಲ್ಲ. ಪಾದರಸ ಹಿತ್ತಾಳೆಯ ಕವಚದೊಳಗೆ ಇಳಿದು ಮಾಯವಾಗಿತ್ತು. ಬೇಕಾದ ಹೊತ್ತಿಗೇ ಅದು ಕೈಕೊಟ್ಟಿತು.

ನಮ್ಮ ತಗ್ಗಿನಲ್ಲೇ ಇಷ್ಟು ಚಳಿಯಾದರೆ ಗುಡ್ಡದ ಮೇಲಿನವರ ಗತಿ ಏನು? ವೈಟ್‌ನ ಮನೆ ಗುಡ್ಡದ ಬುಡದಲ್ಲಿತ್ತು. ಅಲ್ಲಿಂದ 200 ಅಡಿಗೂ ಎತ್ತರದಲ್ಲಿ ನ್ಯೂಟನ್ ಎಂಬ ನೆರೆಯೂರು. ಮೇಲೇರಿದಷ್ಟೂ ಚಳಿ ಹೆಚ್ಚು ಎಂಬುದು ಎಲ್ಲರೂ ಬಲ್ಲ ಸಂಗತಿ. ಅಲ್ಲಿನ ಪರಿಚಯದವರೊಬ್ಬರಿಗೆ ವೈಟ್ 10ರ ಬೆಳಗ್ಗೆಯೇ ಚೀಟಿ ಕಳಿಸಿದ: ನಿಮ್ಮ ಥರ್ಮಾಮೀಟರನ್ನೂ ಹೊರಗೆ ತೂಗುಹಾಕಿ, ಬೆಳಗ್ಗೆ ಸಂಜೆ ನೋಡಿ ತಿಳಿಸಿ. ಭಾರಿ ಸುದ್ದಿಯೇ ಬರುತ್ತದೆಂದು ಕಾದ.

ಬಂದ ಸುದ್ದಿಯೇ ಬೇರೆ. ಆ ರಾತ್ರಿ ಹನ್ನೊಂದಕ್ಕೆ ಎಲೆಯೂ ಅಲುಗದ ಗಾಳಿಯಲ್ಲಿ ಸೆಲ್‌ಬೋರ್ನಿನ ಪಾದರಸ ಸೊನ್ನೆಗಿಂತ ಒಂದು ಡಿಗ್ರಿ ಕೆಳಗಿದ್ದಾಗ ನ್ಯೂಟನ್ನಿನಲ್ಲಿ 17 ಇತ್ತು. ಮರುದಿನ ಬೆಳಗ್ಗೆ ಇಲ್ಲಿ 10, ಅಲ್ಲಿ 22. ವೈಟ್ ಕಂಗಾಲಾದ. ಗುಡ್ಡದ ಮೇಲಿನ ಥರ್ಮಾಮೀಟರೇ ಕೆಟ್ಟಿರಬೇಕು, ಮಾಡಿದವನು ತಪ್ಪು ಮಾಡಿರಬೇಕು ಎಂದು ತನ್ನದೊಂದನ್ನು ಆ ಹಿಮದಲ್ಲೇ ಮೇಲಕ್ಕೆ ಕಳಿಸಿಕೊಟ್ಟ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. 18 ಡಿಗ್ರಿಯ ಅಂತರ ನಿಜವೇ ಆಗಿತ್ತು.

ಮಿಕ್ಕ ಸಾಕ್ಷಿಯನ್ನು ಗಿಡಗಳು ಹೇಳಿದವು. ಬಿಗಿ ಚಳಿ ತಿಂಗಳ ಕೊನೆಯವರೆಗೂ ಇದ್ದು, 1785ರ ಜನವರಿ 3ರ ಹೊತ್ತಿಗೆ ಹಿಮ ಕರಗಿ ಸಣ್ಣ ಮಳೆ ಬಿತ್ತು. ವೈಟ್ ನಷ್ಟದ ಪಟ್ಟಿ ಹಾಕಿದ. ಲಾರಸ್ಟೈನ್, ಬೇ, ಸೈಪ್ರೆಸ್, ಆರ್ಬ್ಯೂಟಸ್ ಎಲ್ಲವೂ ಸುಟ್ಟು ಕರಕಾಗಿದ್ದವು. ಪೋರ್ಚುಗಲ್ ಲಾರೆಲ್ ಕೂಡ ಉಳಿದಿರಲಿಲ್ಲ. 1739–40ರ ಕುಖ್ಯಾತ ಚಳಿಗೂ ಆ ಗಿಡ ಜಗ್ಗಲಿಲ್ಲವೆಂದು ತೋಟಗಾರಿಕೆಯ ದೊಡ್ಡ ನಿಘಂಟು ಬರೆದ ಫಿಲಿಪ್ ಮಿಲ್ಲರ್ ಖಂಡಿತವಾಗಿ ಹೇಳಿದ್ದ. ಒಂದೋ ಮಿಲ್ಲರ್ ತಪ್ಪಿರಬೇಕು, ಇಲ್ಲವೇ ಈ ಚಳಿ ಅದನ್ನೂ ಮೀರಿದ್ದಿರಬೇಕು ಎಂದು ವೈಟ್ ಟಿಪ್ಪಣಿ ಹಾಕಿದ. ಅವನ ಹೊಟ್ಟೆ ಉರಿಸಿದ್ದು ಮಾತ್ರ ಇಳಿಜಾರಾಗಿ ಬೆಳೆಸಿದ್ದ ಚೆಂದದ ಲಾರೆಲ್ ಬೇಲಿ. ಅದೂ ಹೋಗಿತ್ತು. ನ್ಯೂಟನ್ನಿನಲ್ಲಿ ಇದೇ ಜಾತಿಯ ಗಿಡಗಳ ಒಂದು ಎಲೆಯೂ ಉದುರಿರಲಿಲ್ಲ.

ಗಿಡ ಸಾಯುವುದಕ್ಕೆ ಅವನ ಬಳಿ ಮೊದಲೇ ಒಂದು ವಿವರಣೆ ಇತ್ತು. 1768ರ ಜನವರಿಯ ಚಳಿಯಲ್ಲಿ ಬೆಚ್ಚಗೆ ಬಿಸಿಲು ಬೀಳುವ ಕಡೆಯ ಗಿಡಗಳೇ ಹೆಚ್ಚು ಸತ್ತು, ನೆರಳಲ್ಲಿದ್ದವು ಉಳಿದಿದ್ದವು. ಹಗಲು ಕರಗಿದ ಹಿಮ ರಾತ್ರಿ ಮತ್ತೆ ಹೆಪ್ಪುಗಟ್ಟುವುದೇ ಕೊಲೆಗಾರ ಎಂದು ಆಗ ಕಂಡುಕೊಂಡಿದ್ದ. ಕವೆಗೋಲಿನಿಂದ ಕೊಂಬೆಗಳ ಹಿಮ ಕೊಡವಿಸಿ, ಹುಲ್ಲೋ ಚಾಪೆಯೋ ಹೊದಿಸಿ ಎಂದು ತೋಟದವರಿಗೆ ಬುದ್ಧಿ ಹೇಳಿದ್ದ. ಒಳ್ಳೆಯ ಬುದ್ಧಿಯೇ. ಆದರೆ ತಗ್ಗಿಗೊಂದು ಚಳಿ, ಗುಡ್ಡಕ್ಕೊಂದು ಚಳಿ ಏಕೆ ಎಂಬುದಕ್ಕೆ ಅದರಲ್ಲಿ ಉತ್ತರವಿರಲಿಲ್ಲ. ಅವನು ಅಂಕಿಗಳನ್ನೂ ಸತ್ತ ಗಿಡಗಳ ಹೆಸರುಗಳನ್ನೂ ಪತ್ರವಾಗಿ ಬರೆದು ತನ್ನ ಪುಸ್ತಕಕ್ಕೆ ಸೇರಿಸಿ, 1793ರಲ್ಲಿ ತೀರಿಕೊಂಡ.

ಸುಳಿವೊಂದು ಅದೇ 1784ರಲ್ಲೇ ಅಚ್ಚಾಗಿತ್ತು. ಕ್ಯಾಂಟರ್‌ಬರಿಯ ಜೇಮ್ಸ್ ಸಿಕ್ಸ್ ತೋಟದಲ್ಲೊಂದು, ಅಲ್ಲಿನ ಕೆಥೆಡ್ರಲ್ ಗೋಪುರದ ಮೇಲೊಂದು ಥರ್ಮಾಮೀಟರ್ ಇಟ್ಟು, ತಿಳಿ ಆಕಾಶದ ರಾತ್ರಿಗಳಲ್ಲಿ ಗೋಪುರಕ್ಕಿಂತ ನೆಲವೇ ತಣ್ಣಗಿರುವುದನ್ನು ತೋರಿಸಿದ್ದ. ಏಕೆಂದು ಬಿಡಿಸಿದವನು ಲಂಡನ್ನಿನ ವೈದ್ಯ ವಿಲಿಯಂ ಚಾರ್ಲ್ಸ್ ವೆಲ್ಸ್. ತೆಳ್ಳನೆಯ ಚಾಪೆ ಹೊದಿಸಿ ಗಿಡ ಕಾಯುವ ತೋಟಗಾರರನ್ನು ಕಂಡು ಒಂದು ಕಾಲದಲ್ಲಿ ನಕ್ಕವನು ಅವನು. ಆರೋಗ್ಯ ಕೆಟ್ಟಿದ್ದರೂ ರಾತ್ರಿ ಹುಲ್ಲಿನ ಮೇಲೆ ಉಣ್ಣೆಯ ಎಳೆಗಳನ್ನಿಟ್ಟು ಅವು ಹೀರಿದ ಇಬ್ಬನಿಯನ್ನು ತೂಗುತ್ತಿದ್ದ. ಒಮ್ಮೆ ನಾಲ್ಕು ಕಡ್ಡಿ ನೆಟ್ಟು, ಹುಲ್ಲಿನಿಂದ ಅರ್ಧ ಅಡಿ ಮೇಲೆ ತೆಳುವಾದ ಕರವಸ್ತ್ರ ಬಿಗಿದ. ಗಾಳಿ ಸಲೀಸಾಗಿ ಆಡುತ್ತಿತ್ತು. ಆದರೂ ಬಟ್ಟೆಯಡಿಯ ಹುಲ್ಲು ಬಯಲಿನ ಹುಲ್ಲಿಗಿಂತ ಬೆಚ್ಚಗಿತ್ತು. ನಗು ನಿಂತಿತು. 1814ರಲ್ಲಿ ಇಬ್ಬನಿಯ ಕುರಿತ ಅವನ ಪ್ರಬಂಧ ಹೊರಬಂತು.

ತಿಳಿ ಆಕಾಶದ ರಾತ್ರಿ ನೆಲವೂ ಎಲೆಗಳೂ ತಮ್ಮ ಶಾಖವನ್ನು ಆಕಾಶಕ್ಕೆ ಸೂಸಿ, ಸುತ್ತಲಿನ ಗಾಳಿಗಿಂತಲೂ ತಣ್ಣಗಾಗುತ್ತವೆ. ನಡುವೆ ತೆಳು ಬಟ್ಟೆ ಬಂದರೂ ಆ ನಷ್ಟಕ್ಕೆ ತಡೆ. ತಣ್ಣೆಲಕ್ಕೆ ತಾಗಿದ ಗಾಳಿಯೂ ತಣ್ಣಗಾಗಿ ಭಾರವಾಗುತ್ತದೆ. ಬೀಸುಗಾಳಿ ಇಲ್ಲದಿದ್ದರೆ ಅದು ನೀರಿನಂತೆ ಇಳಿಜಾರು ಹಿಡಿದು ಹರಿದು ತಗ್ಗಿನಲ್ಲಿ ಮಡುಗಟ್ಟುತ್ತದೆ. ವೈಟ್‌ನ ತೋಟ ಆ ಮಡುವಿನ ತಳದಲ್ಲಿತ್ತು. ನ್ಯೂಟನ್ ಅದಕ್ಕಿಂತ ಮೇಲಿತ್ತು.