ಬೀಳಗಿ ಸೀಮೆಯ ನೆರೆ: ಮನೆಯವರು ಮೊದಲೇ ಮಾಡಿಕೊಳ್ಳಬೇಕಾದ ಸಿದ್ಧತೆ

ಕರಾವಳಿಯ ನಮಗೆ ನೆರೆ ಎಂದರೆ ಮೊದಲು ನೆನಪಾಗುವುದು ಎಡೆಬಿಡದೆ ಸುರಿಯುವ ಮಳೆ. ಬಾಗಲಕೋಟೆ ಜಿಲ್ಲೆಯ ಬೀಳಗಿ, ಜಮಖಂಡಿ, ಮುಧೋಳ, ರಬಕವಿ-ಬನಹಟ್ಟಿ ತಾಲೂಕುಗಳ ಕಥೆ ಬೇರೆ. ಅಲ್ಲಿ ವರ್ಷಕ್ಕೆ ಬೀಳುವ ಮಳೆ ನಮ್ಮಲ್ಲಿ ಬೀಳುವುದರ ಆರನೇ ಒಂದು ಭಾಗದಷ್ಟೂ ಇರುವುದಿಲ್ಲ. ಆದರೂ 2005, 2009, 2019 ಮತ್ತು 2021ರಲ್ಲಿ ಆ ಭಾಗದ ಜನ ನೆರೆಯಿಂದ ಮನೆಮಠ ಬಿಟ್ಟು ಹೊರಡಬೇಕಾಯಿತು. ನಮ್ಮ ಊರುಗಳಲ್ಲಿ ಕಟ್ಟಡ, ರಸ್ತೆ, ತೋಟದ ಕೆಲಸಕ್ಕೆ ಬರುವವರಲ್ಲಿ ಅನೇಕರು ಆ ಕಡೆಯವರು. ಅವರ ವೃದ್ಧ ತಂದೆತಾಯಿ, ಮಕ್ಕಳು, ದನಕರುಗಳು ಊರಿನಲ್ಲೇ ಇರುತ್ತವೆ. ಆದ್ದರಿಂದ ಈ ವಿಷಯ ನಮಗೂ ಸೇರಿದ್ದು.

ನೀರು ಎಲ್ಲಿಂದ ಬರುತ್ತದೆ?

ಬೀಳಗಿ ತಾಲೂಕು ಕೃಷ್ಣಾ ಮತ್ತು ಘಟಪ್ರಭಾ ನದಿಗಳ ನಡುವೆ ಇದೆ. ಎರಡೂ ನದಿಗಳು ಹುಟ್ಟುವುದು ಪಶ್ಚಿಮ ಘಟ್ಟದಲ್ಲಿ. ಮಹಾಬಲೇಶ್ವರ, ಕೊಯ್ನಾ, ಕೊಲ್ಹಾಪುರದ ಕಡೆ ಮಳೆ ಸುರಿದರೆ ಆ ನೀರು ಕರ್ನಾಟಕಕ್ಕೆ ಬಂದು, ಹಿಪ್ಪರಗಿ ಬ್ಯಾರೇಜ್ ಮೂಲಕ ಜಮಖಂಡಿ, ಬೀಳಗಿ ಮುಟ್ಟಿ ಆಲಮಟ್ಟಿ ಜಲಾಶಯ ಸೇರುತ್ತದೆ. ಘಟಪ್ರಭಾ ನದಿಯು ಹಿಡಕಲ್ ಅಣೆಕಟ್ಟು, ಗೋಕಾಕ, ಮುಧೋಳ ದಾಟಿ ಚಿಕ್ಕಸಂಗಮದಲ್ಲಿ ಕೃಷ್ಣೆಯನ್ನು ಕೂಡುತ್ತದೆ. ಹಿಡಕಲ್‌ನ ಕೆಳಗೆ ಮಾರ್ಕಂಡೇಯ ನದಿಯೂ ಬಂದು ಸೇರುವುದರಿಂದ, ಅಣೆಕಟ್ಟಿನಿಂದ ಹೆಚ್ಚು ನೀರು ಬಿಡದಿದ್ದರೂ ಹೊಳೆ ಏರಬಹುದು.

ಅಂದರೆ ಬೀಳಗಿಯಲ್ಲಿ ಬಿಸಿಲು ಕಾಯುತ್ತಿರುವಾಗಲೇ ನೆರೆ ಬರಬಹುದು. ಆಕಾಶ ನೋಡಿ ತೀರ್ಮಾನ ಮಾಡುವವರು ಮೋಸ ಹೋಗುತ್ತಾರೆ. ಮೇಲಿನ ನದಿಯ ಸುದ್ದಿ ಕೇಳುವವರಿಗೆ ಮಾತ್ರ ಒಂದೆರಡು ದಿನದ ಸಮಯ ಸಿಗುತ್ತದೆ.

ಸುದ್ದಿಯಲ್ಲಿ ಬರುವ ‘ಕ್ಯುಸೆಕ್’ ಎಂದರೆ ಸೆಕೆಂಡಿಗೆ ಒಂದು ಘನ ಅಡಿ, ಸುಮಾರು 28 ಲೀಟರ್ ನೀರು. ಒಂದು ಲಕ್ಷ ಕ್ಯುಸೆಕ್ ನೀರು ಇಡೀ ದಿನ ಹರಿದರೆ 8.64 ಟಿಎಂಸಿ ಆಗುತ್ತದೆ. 2019ರ ಆಗಸ್ಟ್‌ನಲ್ಲಿ ಆಲಮಟ್ಟಿಯಿಂದ 5 ಲಕ್ಷ ಕ್ಯುಸೆಕ್‌ಗಿಂತಲೂ ಹೆಚ್ಚು ನೀರು ಬಿಡಬೇಕಾಯಿತು. ಆ ಲೆಕ್ಕದಲ್ಲಿ ಒಂದು ದಿನಕ್ಕೆ 43 ಟಿಎಂಸಿ; ಸುಮಾರು 123 ಟಿಎಂಸಿ ಹಿಡಿಯುವ ಆ ಜಲಾಶಯದ ಮೂರನೇ ಒಂದು ಪಾಲಿಗೂ ಮಿಗಿಲು. ಹೀಗಾಗಿ ಎಷ್ಟೇ ದೊಡ್ಡ ಅಣೆಕಟ್ಟಾದರೂ ಅಂತಹ ನೆರೆಯನ್ನು ಬಹಳ ಹೊತ್ತು ತಡೆದು ನಿಲ್ಲಿಸಲಾರದು.

ಮಣ್ಣಿನ ಮನೆಯ ಅಪಾಯ

ಇನ್ನೊಂದು ಬಗೆಯ ಅಪಾಯವೂ ಇದೆ. 2009ರ ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಮೊದಲ ದಿನಗಳಲ್ಲಿ ಉತ್ತರ ಕರ್ನಾಟಕದಲ್ಲೇ ವಿಪರೀತ ಮಳೆ ಸುರಿಯಿತು. ರಾಜ್ಯದಲ್ಲಿ 200ಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ಅನೇಕರ ಪ್ರಾಣ ತೆಗೆದದ್ದು ಹೊಳೆಯಲ್ಲ, ಕುಸಿದ ಗೋಡೆ. ಮಣ್ಣಿನ ಗೋಡೆ, ಮೇಲೆ ಮಣ್ಣಿನ ಮಾಳಿಗೆ ಇರುವ ಮನೆ ಬೇಸಿಗೆಯಲ್ಲಿ ತಂಪು. ಆದರೆ ನಾಲ್ಕು ದಿನ ಜಿಟಿಜಿಟಿ ಮಳೆ ಹಿಡಿದರೆ ಮಾಳಿಗೆಯ ಮಣ್ಣು ನೀರು ಕುಡಿದು ಭಾರವಾಗುತ್ತದೆ, ಗೋಡೆಯ ಬುಡ ಮೆತ್ತಗಾಗುತ್ತದೆ. ಗೋಡೆಯಲ್ಲಿ ಹೊಸ ಬಿರುಕು, ಮಣ್ಣು ಉದುರುವುದು, ತೊಲೆ ಕಿರ್ ಎನ್ನುವುದು, ಬಾಗಿಲು ಸಿಕ್ಕಿಕೊಳ್ಳುವುದು: ಇವುಗಳಲ್ಲಿ ಒಂದು ಕಂಡರೂ ಆ ರಾತ್ರಿ ಅಲ್ಲಿ ಮಲಗಬಾರದು. ಶಾಲೆಯಲ್ಲೋ ನೆಂಟರ ಪಕ್ಕಾ ಮನೆಯಲ್ಲೋ ಮಲಗಬೇಕು. ನೀರು ಇಳಿದ ಮೇಲೂ ನೆನೆದ ಗೋಡೆ ಬೀಳಬಹುದು.

ಜನ ಏಕೆ ತಡ ಮಾಡುತ್ತಾರೆ?

ಎಚ್ಚರಿಕೆ ಬಂದರೂ ಕೆಲವರು ಮನೆ ಬಿಡುವುದಿಲ್ಲ. ಅವರನ್ನು ಹಟಮಾರಿಗಳೆಂದು ಬೈಯುವುದು ಸುಲಭ. ಆದರೆ ಎಮ್ಮೆ ಬಿಟ್ಟು ಹೋದರೆ ನಾಳೆಯ ಹಾಲಿಲ್ಲ. ಜೋಳದ ಚೀಲ ನೆನೆದರೆ ವರ್ಷದ ಊಟವಿಲ್ಲ. ಕಾಗದಪತ್ರ ಹೋದರೆ ಪರಿಹಾರವಿಲ್ಲ. ಈ ಮೂರು ಚಿಂತೆಗಳನ್ನು ಮೇ ತಿಂಗಳಲ್ಲೇ ಕಳೆದುಕೊಂಡವರು ಆಗಸ್ಟ್‌ನಲ್ಲಿ ಬೇಗ ಹೊರಡಬಲ್ಲರು. ಮನೆಯ ಸಿದ್ಧತೆ ಎಂದರೆ ಮುಖ್ಯವಾಗಿ ಇದೇ.

1. ಕಾಗದಪತ್ರ: ಹೊಲದ ಉತಾರ, ಮನೆಯ ದಾಖಲೆ, ರೇಷನ್ ಕಾರ್ಡ್, ಆಧಾರ್, ಪಾಸ್‌ಬುಕ್, ಮಕ್ಕಳ ಅಂಕಪಟ್ಟಿಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಒಂದೇ ಕಡೆ ಇಡಬೇಕು. ಮೊಬೈಲಿನಲ್ಲಿ ಫೋಟೋ ತೆಗೆದು ದೂರದ ಊರಿನ ಮಗನಿಗೋ ಮಗಳಿಗೋ ಕಳುಹಿಸಿರಬೇಕು. 2019ರಲ್ಲಿ ಪೂರ್ತಿ ಬಿದ್ದ ಮನೆಗೆ ಸರ್ಕಾರ 5 ಲಕ್ಷ ರೂಪಾಯಿ ಘೋಷಿಸಿತು. ದಾಖಲೆ ಸರಿಯಿಲ್ಲದವರು ಕಚೇರಿಯಿಂದ ಕಚೇರಿಗೆ ಅಲೆಯಬೇಕಾಯಿತು.

2. ದನಕರು: ಎತ್ತರದ ಜಾಗ ಯಾವುದು, ಅಲ್ಲಿ ಮೇವು ಯಾರದು ಎಂದು ಓಣಿಯವರು ಮೊದಲೇ ಮಾತಾಡಿಕೊಳ್ಳಬೇಕು. ಮನುಷ್ಯರಿಗಿಂತ ಮೊದಲು ದನಗಳನ್ನು ಸಾಗಿಸಬೇಕು. ಸಮಯವೇ ಇಲ್ಲವಾದರೆ ಹಗ್ಗ ಬಿಚ್ಚಿ ಬಿಡಬೇಕು. ಕಟ್ಟಿದ ದನ ಈಜಲಾರದು.

3. ಕಾಳು: ಒಂದೆರಡು ಚೀಲವನ್ನಾದರೂ ಎತ್ತರದ ಊರಿನ ನೆಂಟರಲ್ಲಿ ಇಡುವುದು ಒಳ್ಳೆಯದು.

4. ಕೈಚೀಲ: ಸಕ್ಕರೆ ಕಾಯಿಲೆ, ರಕ್ತದೊತ್ತಡದ ಮಾತ್ರೆ, ಟಾರ್ಚ್, ಚಾರ್ಜರ್, ಕುಡಿಯುವ ನೀರು, ಅವಲಕ್ಕಿಯಂತಹ ತಿನಿಸು, ಒಂದು ಜೊತೆ ಬಟ್ಟೆ. ವೃದ್ಧರನ್ನು, ಗರ್ಭಿಣಿಯರನ್ನು ಮೊದಲ ಸುದ್ದಿಗೇ ಕಳುಹಿಸಬೇಕು.

5. ಹೊರಡುವ ಗುರುತು: ‘ನೀರು ಈ ಕಲ್ಲಿಗೆ, ಈ ಗುಡಿಯ ಕಟ್ಟೆಗೆ ಬಂದರೆ ಹೊರಡುವುದು’ ಎಂದು ಮನೆಯವರೆಲ್ಲ ಸೇರಿ ನಿಶ್ಚಯಿಸಬೇಕು. ಆ ಗುರುತು ಮುಟ್ಟಿದ ಮೇಲೆ ಚರ್ಚೆ ಬೇಡ.

ಮಾಡಬಾರದ ಕೆಲಸಗಳು

ಪಂಪ್‌ಸೆಟ್ಟಿನ ಮೋಟಾರು ತರಲು ಏರುವ ಹೊಳೆಗೆ ಇಳಿಯಬಾರದು. ಮುಳುಗಿದ ಸೇತುವೆಯನ್ನು ನಡೆದಾಗಲಿ ಬೈಕಿನಲ್ಲಾಗಲಿ ದಾಟಬಾರದು; ರಭಸದ ನೀರು ಮೊಣಕಾಲಿಗೆ ಬಂದರೆ ಗಟ್ಟಿ ಆಳೂ ನಿಲ್ಲಲಾರ, ಎರಡು ಅಡಿ ಇದ್ದರೆ ಕಾರೂ ತೇಲುತ್ತದೆ. ಹೊರಡುವಾಗ ಮೇನ್ ಸ್ವಿಚ್ ಆರಿಸಬೇಕು. ಹಿಂತಿರುಗಿದಾಗ ಕೋಲಿನಿಂದ ತಟ್ಟಿ ಒಳಗೆ ಹೋಗಬೇಕು, ಏಕೆಂದರೆ ಹಾವು, ಚೇಳುಗಳೂ ಒಣ ಜಾಗ ಹುಡುಕಿ ಬಂದಿರುತ್ತವೆ. ಹಾವು ಕಚ್ಚಿದರೆ ಗಾಯ ಕೊಯ್ಯದೆ, ಬಿಗಿಯಾಗಿ ಕಟ್ಟದೆ ನೇರ ಆಸ್ಪತ್ರೆಗೆ ಒಯ್ಯಬೇಕು. ಕುಡಿಯುವ ನೀರನ್ನು ಕುದಿಸಬೇಕು. ಮನೆ ತೊಳೆಯುವ ಮೊದಲು ಹಾನಿಯ ಫೋಟೋ ತೆಗೆದಿಟ್ಟರೆ ಸಮೀಕ್ಷೆಗೆ ಬಂದವರಿಗೆ ತೋರಿಸಬಹುದು.

ಜಿಲ್ಲಾ ವಿಪತ್ತು ಸಹಾಯವಾಣಿ 1077, ತುರ್ತು ಸೇವೆ 112, ಆಂಬುಲೆನ್ಸ್ 108. ಈ ಸಂಖ್ಯೆಗಳನ್ನು ಗೋಡೆಯ ಮೇಲೆ ದೊಡ್ಡದಾಗಿ ಬರೆದಿಡುವುದು ಒಳಿತು.

ಕರಾವಳಿಯಲ್ಲಿರುವ ನಾವು ಮಾಡಬಹುದಾದ ಕೆಲಸವೂ ಒಂದಿದೆ. ಜುಲೈ-ಆಗಸ್ಟ್‌ನಲ್ಲಿ ಕೊಯ್ನಾ, ಹಿಡಕಲ್ ತುಂಬಿದ ಸುದ್ದಿ ಬಂದಾಗ ನಮ್ಮ ನಡುವೆ ದುಡಿಯುವ ಆ ಕಡೆಯವರಿಗೆ ತಿಳಿಸೋಣ, ಊರಿಗೆ ಫೋನ್ ಮಾಡಲು ಹೇಳೋಣ. ಹೋಗಿ ಬರಲೇಬೇಕೆಂದರೆ ಕೂಲಿ ಹಿಡಿಯದೆ ಎರಡು ದಿನ ರಜೆ ಕೊಡೋಣ. ನೀರು ಬರುವ ಮುಂಚೆ ಮನೆಯ ಮಗ ಊರು ಮುಟ್ಟಿದರೆ ವೃದ್ಧರೂ ದನಗಳೂ ಸುರಕ್ಷಿತ ಜಾಗ ಸೇರುತ್ತಾರೆ. ಬಂದ ಮೇಲೆ ಮುಟ್ಟಿದರೆ ಅವನೂ ಪರಿಹಾರ ಕೇಂದ್ರದ ಸಾಲಿನಲ್ಲಿ ನಿಲ್ಲಬೇಕಾಗುತ್ತದೆ.