ಕುರಾನ್ ಪಠಣ ಪರಂಪರೆಯಲ್ಲಿ ಇಮಾಮ್ ಶಾತಿಬಿ

ಗ್ರಂಥವೊಂದರ ಪಾಠನಿರ್ಣಯಕ್ಕೆ ಹಸ್ತಪ್ರತಿಗಳೇ ಕೊನೆಯ ಆಧಾರವೆಂಬುದು ಗ್ರಂಥಸಂಪಾದನೆಯ ಸಾಮಾನ್ಯ ನಂಬಿಕೆ. ಕುರಾನಿನ ವಿಷಯದಲ್ಲಿ ಇದು ಪೂರ್ತಿಯಾಗಿ ಸಲ್ಲುವುದಿಲ್ಲ. ಆರಂಭಕಾಲದ ಅರಬ್ಬಿ ಲಿಪಿಯಲ್ಲಿ ಹ್ರಸ್ವಸ್ವರಗಳಿಗೆ ಚಿಹ್ನೆಗಳಿರಲಿಲ್ಲ. ಆದುದರಿಂದ ಗುರುಮುಖದಿಂದ ಕೇಳಿ ಕಲಿತ ಪಾಠಕ್ಕೇ ಪ್ರಾಮಾಣ್ಯ. ಬಾಗ್ದಾದಿನ ಇಬ್ನ್ ಮುಜಾಹಿದ್ (ನಿಧನ: ಕ್ರಿ.ಶ. 936) ಹೀಗೆ ಬಂದ ಪಾಠಗಳಲ್ಲಿ ಏಳನ್ನು ಆಯ್ದು ನೆಲೆಗೊಳಿಸಿದನು. ಮೊದಲ ಅಧ್ಯಾಯದ ಒಂದು ಪದವನ್ನು ಈ ಏಳು ಪಾಠಕರಲ್ಲಿ ಆಸಿಮ್ ಮತ್ತು ಕಿಸಾಯಿ 'ಮಾಲಿಕ್' (ಒಡೆಯ) ಎಂದೂ ಉಳಿದ ಐವರು 'ಮಲಿಕ್' (ಅರಸ) ಎಂದೂ ಓದುತ್ತಾರೆ. ಪ್ರಾಚೀನ ಬರಹ ಎರಡಕ್ಕೂ ಎಡೆಗೊಡುತ್ತದೆ.

ಈ ಏಳು ಪಾಠಗಳನ್ನು ಕಂಠಕ್ಕೆ ಒಪ್ಪಿಸಿದ ಆಚಾರ್ಯರು ಇಮಾಮ್ ಶಾತಿಬಿ. ಅವರು ಜನಿಸಿದ್ದು 1144ರಲ್ಲಿ, ಸ್ಪೇನಿನ ಶಾತಿಬಾ ಪಟ್ಟಣದಲ್ಲಿ. ಉತ್ತಮ ಕಾಗದಕ್ಕೆ ಹೆಸರಾದ ಊರದು, ಶಾತಿಬಿಯವರಾದರೋ ಅಂಧರು. ತಂದೆಯ ಹೆಸರು ಫೀರ್ರುಹ್. ಆ ನಾಡಿನ ಲ್ಯಾಟಿನ್ ಮೂಲದ ಆಡುನುಡಿಯಲ್ಲಿ ಅದಕ್ಕೆ ಕಬ್ಬಿಣವೆಂದು ಅರ್ಥ. ಹುಟ್ಟೂರಿನಲ್ಲಿ ನಫ್ಜಿ ಎಂಬ ಗುರುವಿನಿಂದ ಪಠಣವನ್ನು ಕಲಿತ ಬಳಿಕ ವೆಲೆನ್ಸಿಯಾಕ್ಕೆ ಹೋಗಿ, ಇಬ್ನ್ ಹುದೈಲರ ಎದುರು ಅಲ್-ದಾನಿಯ 'ತೈಸೀರ್' ಎಂಬ ಗದ್ಯಗ್ರಂಥವನ್ನು ನೆನಪಿನಿಂದಲೇ ಒಪ್ಪಿಸಿದರು. ಇಬ್ನ್ ಹುದೈಲರು ಅಲ್-ದಾನಿಯ ಶಿಷ್ಯನ ಶಿಷ್ಯರು.

ಶಾತಿಬಾದ ಮಸೀದಿಯಲ್ಲಿ ಪ್ರವಚನಕಾರರಾಗುವಂತೆ ಅವರಿಗೆ ಕರೆ ಬಂದಿತು. ವೇದಿಕೆಯಿಂದ ಅಧಿಪತಿಗಳನ್ನು ಮಿತಿಮೀರಿ ಹೊಗಳಬೇಕಾದ ಆ ಹುದ್ದೆಯನ್ನು ಒಲ್ಲದೆ, ಹಜ್ ಯಾತ್ರೆಯ ಕಾರಣ ಹೇಳಿ ಊರು ಬಿಟ್ಟರೆಂದು ಅಬೂ ಶಾಮಾ ಬರೆದಿದ್ದಾನೆ. ಕೈರೋದಲ್ಲಿ ಸಲಾಹುದ್ದೀನನ ಮಂತ್ರಿ ಅಲ್-ಕಾಜಿ ಅಲ್-ಫಾಜಿಲ್ ಅವರನ್ನು ಗೌರವದಿಂದ ಬರಮಾಡಿಕೊಂಡು, ತನ್ನ ಮದ್ರಸಾದಲ್ಲಿ ಪಠಣದ ಅಧ್ಯಾಪಕರನ್ನಾಗಿ ನೇಮಿಸಿದನು. 1194ರಲ್ಲಿ ಅಲ್ಲಿಯೇ ನಿಧನರಾದರು.

'ತೈಸೀರ್' ಗ್ರಂಥದ ಸಾರವನ್ನು ಅವರು 1173 ದ್ವಿಪದಿಗಳಲ್ಲಿ ಅಡಕಗೊಳಿಸಿದರು. 'ಶಾತಿಬಿಯ್ಯಾ' ಎಂದು ಪ್ರಸಿದ್ಧವಾದ ಈ ಕೃತಿಯ ಪ್ರತಿಯೊಂದು ದ್ವಿಪದಿಯೂ 'ಲ' ಕಾರದ ಪ್ರಾಸದಲ್ಲಿ ಮುಗಿಯುತ್ತದೆ. ಕಟಪಯಾದಿ ಕ್ರಮದಲ್ಲಿ ಅಕ್ಷರ ಅಂಕಿಯನ್ನು ಸೂಚಿಸುವಂತೆ, ಇಲ್ಲಿ ಅಕ್ಷರ ಪಾಠಕನನ್ನು ಸೂಚಿಸುತ್ತದೆ: 'ಅಲಿಫ್' ಎಂದರೆ ಮದೀನಾದ ನಾಫಿ, 'ದಾಲ್' ಎಂದರೆ ಮಕ್ಕಾದ ಇಬ್ನ್ ಕಸೀರ್. ಪದ್ಯದ ಪದಗಳ ಮೊದಲಕ್ಷರಗಳೇ ಯಾವ ಪಾಠ ಯಾರದೆಂದು ತಿಳಿಸುವುದರಿಂದ ಹೆಸರುಗಳ ಪಟ್ಟಿ ಬೇಕಾಗುವುದಿಲ್ಲ. ಕಣ್ಣಿನ ಆಸರೆಯಿಲ್ಲದೆ ಕಲಿತವರು ರಚಿಸಿದ ಈ ಗ್ರಂಥಕ್ಕೆ ಓದುವ ಕಣ್ಣಿಗಿಂತ ಕೇಳುವ ಕಿವಿಯೇ ಮುಖ್ಯವಾಯಿತು.

ಏಳು ಪಾಠಗಳನ್ನು ಅಭ್ಯಸಿಸುವವರು ಇಂದಿಗೂ, ಭಾರತದ ಮದ್ರಸಾಗಳಲ್ಲಿಯೂ, ಇದನ್ನು ಅಧ್ಯಯನ ಮಾಡುತ್ತಾರೆ. ಆದರೆ ಪದ್ಯಗಳು ಬಾಯಿಗೆ ಬಂದ ಮಾತ್ರಕ್ಕೆ ಅಧಿಕಾರ ದೊರೆಯದು. ಗುರುವಿನೆದುರು ಕುರಾನನ್ನು ಪಠಿಸಿ ತೋರಿದವನಿಗೆ ಮಾತ್ರ ಬೋಧಿಸುವ ಅನುಮತಿ, ಅಂದರೆ 'ಇಜಾಜತ್', ಲಭಿಸುತ್ತದೆ. ಅಚ್ಚಾದ ಪ್ರತಿ ಎಲ್ಲೆಡೆ ಸುಲಭವಾಗಿ ಸಿಗುವ ಕಾಲದಲ್ಲಿಯೂ ಈ ನಿಯಮ ಸಡಿಲಗೊಂಡಿಲ್ಲ.