ದಣಿದ ಕಲ್ಲುಗಳ ಊರು

ಆ ಊರಿನ ಹೆಸರು ಬಾಯಿಗೆ ಕೂರಲು ನನಗೆ ಎರಡು ದಿನ ಹಿಡಿಯಿತು. ಬರೆಯುವುದು ಒಲ್ಲಾಂಟಾಯ್ಟಾಂಬೊ, ಹೇಳುವುದು ಓಯಾಂಟಾಯ್ಟಾಂಬೊ. ಅಲ್ಲಿಯವರಿಗೂ ಉದ್ದವೆನಿಸಿರಬೇಕು, ವ್ಯಾನಿನವರು ‘ಓಯಾಂಟಾ, ಓಯಾಂಟಾ’ ಎಂದಷ್ಟೇ ಕೂಗಿ ಜನರನ್ನು ಹತ್ತಿಸಿಕೊಳ್ಳುತ್ತಾರೆ. ಕೊನೆಯ ‘ಟಾಂಬೊ’ ಇದೆಯಲ್ಲ, ಅದಕ್ಕೆ ನಮ್ಮ ಮಾತಿನಲ್ಲಿ ಛತ್ರ ಎನ್ನಬಹುದು. ಇಂಕಾ ದೊರೆಗಳು ಆಂಡೀಸ್ ಪರ್ವತದುದ್ದಕ್ಕೂ 30,000 ಕಿ.ಮೀ.ಗೂ ಹೆಚ್ಚು ರಸ್ತೆ ಮಾಡಿಸಿದ್ದರು. ಆ ರಸ್ತೆಗಳಲ್ಲಿ ಹೋಗಿಬರುವ ಸೈನ್ಯಕ್ಕೆ, ಅಧಿಕಾರಿಗಳಿಗೆ, ಹೊರೆ ಹೊತ್ತ ಲಾಮಾಗಳ ಸಾಲಿಗೆ ಅಲ್ಲಲ್ಲಿ ಟಾಂಬೊಗಳಿದ್ದವು. ಈ ಊರು ಈಗಲೂ ಒಂದು ಲೆಕ್ಕಕ್ಕೆ ಛತ್ರವೇ. ಮಾಚು ಪಿಚುಗೆ ಹೊರಟವರು ಇಲ್ಲಿ ರೈಲು ಹಿಡಿಯುತ್ತಾರೆ. ಮೊದಲು ಒಂದು ಕಾಫಿ, ನಾಲ್ಕು ಫೋಟೊ, ಆಮೇಲೆ ಸೀಟಿ. ನಾವೂ ಒಂದು ರಾತ್ರಿಗೆಂದು ಬಂದವರು, ನಾಲ್ಕು ದಿನ ಉಳಿದೆವು.

ಉಳಿಯಲು ಮೊದಲ ಕಾರಣ ನನ್ನ ತಲೆನೋವು. ಪೆರುವಿನ ರಾಜಧಾನಿ ಲಿಮಾ ಇರುವುದು ಕಡಲ ದಂಡೆಯಲ್ಲಿ. ಬೆಂಗಳೂರು ಬಿಟ್ಟು ಮೂರು ವಿಮಾನ ಬದಲಿಸಿ ಅಲ್ಲಿ ಇಳಿದಾಗ ಗಡಿಯಾರ ಹತ್ತೂವರೆ ಗಂಟೆ ಹಿಂದಕ್ಕೆ ಹೋಗಿತ್ತು. ಮರುದಿನವೇ ಇನ್ನೊಂದು ವಿಮಾನ ಒಂದೂಕಾಲು ಗಂಟೆಯಲ್ಲಿ ನಮ್ಮನ್ನು ಕುಸ್ಕೊಗೆ ಎತ್ತಿ ಹಾಕಿತು. ಇಂಕಾಗಳ ರಾಜಧಾನಿಯಾಗಿದ್ದ ಈ ನಗರದ ಎತ್ತರ 3,400 ಮೀಟರ್. ಮುಳ್ಳಯ್ಯನಗಿರಿಯ ಮೇಲೆ ಇನ್ನೂ ಮುಕ್ಕಾಲು ಮುಳ್ಳಯ್ಯನಗಿರಿಯನ್ನು ಹೇರಿದರೆ ಹೆಚ್ಚುಕಡಿಮೆ ಅಷ್ಟಾಗುತ್ತದೆ. ವಸತಿಗೃಹದ ಎರಡನೆಯ ಮಹಡಿಗೆ ಹತ್ತುವಷ್ಟರಲ್ಲಿ ಎದೆ ನಗಾರಿಯಾಯಿತು. ‘ಅಪ್ಪ, ಬ್ಯಾಗು ಮುಟ್ಟಬೇಡ, ಸುಮ್ಮನೆ ಮಲಗು’ ಎಂದು ಮಗಳು ಕೋಕಾ ಎಲೆ ಹಾಕಿದ ಬಿಸಿನೀರು ತಂದುಕೊಟ್ಟಳು. ಎತ್ತರದ ಈ ಕಾಯಿಲೆಗೆ ಅಲ್ಲಿ ‘ಸೊರೋಚೆ’ ಎನ್ನುತ್ತಾರೆ. ಬೆಟ್ಟದ ಜನ ಅದೇ ಎಲೆಯನ್ನು ದವಡೆಯಲ್ಲಿ ಒತ್ತರಿಸಿಕೊಂಡು ದಿನವಿಡೀ ಗೇಯುತ್ತಾರೆ. ಜೊತೆಗೆ ಕಿನೋವಾ ದಂಟು ಸುಟ್ಟ ಬೂದಿಯ ಉಂಡೆಯನ್ನು ಚೂರು ಕಚ್ಚಿಕೊಳ್ಳುತ್ತಾರೆ. ವೀಳ್ಯದೆಲೆಗೆ ಸುಣ್ಣ ಹಚ್ಚುವುದನ್ನು ನೋಡಿ ಬೆಳೆದವನಿಗೆ ಬೇರೆ ವಿವರಣೆ ಬೇಕಾಗಲಿಲ್ಲ.

ಕುಸ್ಕೊ ಎರಡು ಅಂತಸ್ತಿನ ಊರು. ಕೆಳಗೆ ಇಂಕಾ, ಮೇಲೆ ಸ್ಪೇನ್. ಅರಮನೆ, ಗುಡಿಗಳನ್ನು ಕೆಡವಿದ ಸ್ಪೇನಿನವರು ತಳಗೋಡೆಗಳನ್ನು ಹಾಗೇ ಬಿಟ್ಟು ಅವುಗಳ ಮೇಲೆ ತಮ್ಮ ಮನೆ, ಇಗರ್ಜಿ ಕಟ್ಟಿದರು. ಹಾತುನ್ ರುಮಿಯೋಕ್ ಎಂಬ ಓಣಿಯ ಗೋಡೆಯಲ್ಲಿ ಹನ್ನೆರಡು ಮೂಲೆಯ ಕಲ್ಲೊಂದಿದೆ. ಸುತ್ತಲಿನ ಕಲ್ಲುಗಳು ಅದರ ಒಂದೊಂದು ಮೂಲೆಗೂ ತಕ್ಕಂತೆ ಬಾಗಿ ಕೂತಿವೆ. ನಡುವೆ ಗಾರೆಯಿಲ್ಲ, ಉಗುರು ತೂರುವಷ್ಟೂ ಸಂದಿಲ್ಲ. ಸೂರ್ಯನ ಗುಡಿ ಕೊರಿಕಾಂಚಾದ ಕಥೆ ಇನ್ನೂ ಸ್ವಾರಸ್ಯದ್ದು. ಬಂಧಿಯಾದ ದೊರೆ ಅತಾವಾಲ್ಪನ ಬಿಡುಗಡೆಯ ಹೊನ್ನಿಗಾಗಿ 1533ರಲ್ಲಿ ಅದರ ಗೋಡೆಗಳ ಚಿನ್ನದ ತಗಡುಗಳನ್ನು ಕಿತ್ತರು, ಆಮೇಲೆ ಅದರ ಮೇಲೆಯೇ ಸಾಂತೊ ದೊಮಿಂಗೊ ಮಠ ಎದ್ದಿತು. 1950ರ ಮೇ 21ರಂದು ಭೂಮಿ ನಡುಗಿದಾಗ ಮಠದ ಬಹುಭಾಗ ಉರುಳಿತು, ಇಂಕಾ ಗೋಡೆಗಳು ಅಲುಗದೆ ನಿಂತು ಹೊರಬಿದ್ದವು. ಗೋಡೆಗಳನ್ನು ಒಳಮುಖವಾಗಿ ತುಸು ಓರೆ ಮಾಡಿ, ಬಾಗಿಲುಗಳನ್ನು ಮೇಲಕ್ಕೆ ಹೋದಂತೆ ಕಿರಿದಾಗಿಸಿ ಕಟ್ಟಿದ್ದರ ಫಲ ಅದು.

ಕುಸ್ಕೊದಿಂದ ಓಯಾಂಟಾಗೆ ವ್ಯಾನಿನಲ್ಲಿ ಎರಡು ಗಂಟೆಯ ದಾರಿ, ಅದೂ ಇಳಿಜಾರು. ಸುಮಾರು 2,800 ಮೀಟರಿಗೆ ಇಳಿದ ಮೇಲೆ ನನ್ನ ತಲೆ ನನ್ನದಾಯಿತು. ಈಗ ಹೊರಡುವವರಿಗೆ ನನ್ನ ಸಲಹೆ, ಮೊದಲು ಕಣಿವೆ, ಆಮೇಲೆ ಕುಸ್ಕೊ. ದಾರಿಯುದ್ದಕ್ಕೂ ಕಿಟಕಿಯಿಂದ ಪರಿಚಿತ ವಾಸನೆ ಬರುತ್ತಿತ್ತು. ನೋಡಿದರೆ ನೀಲಗಿರಿ ಮರಗಳು! ಆಸ್ಟ್ರೇಲಿಯದ ಆ ಮರ ನಮ್ಮ ಗೋಮಾಳಗಳನ್ನು ನುಂಗಿದಂತೆ ಆಂಡೀಸ್ ಇಳಿಜಾರನ್ನೂ ಹಿಡಿದು ಕೂತಿದೆ.

ಪಟಕಾಂಚಾ ಎಂಬ ಹೊಳೆ ಉರುಬಾಂಬಾ ನದಿಗೆ ಸೇರುವ ಕಡೆ, ಮೂರೂ ಬದಿಯಲ್ಲಿ ಕಡಿದಾದ ಬೆಟ್ಟಗಳ ನಡುವೆ ಊರು ಕೂತಿದೆ. ಪಚಕೂಟಿ ಎಂಬ ಇಂಕಾ ದೊರೆ ಇದನ್ನು ತನ್ನ ಖಾಸಾ ಜಮೀನಾಗಿ ಮಾಡಿಕೊಂಡಿದ್ದ. ಅವನು ಪಟ್ಟಕ್ಕೆ ಬಂದದ್ದು 1438ರಲ್ಲಿ ಎಂದು ವಾಡಿಕೆಯ ಲೆಕ್ಕ. ಆಗ ವಿಜಯನಗರದಲ್ಲಿ ಎರಡನೆಯ ದೇವರಾಯ ಆಳುತ್ತಿದ್ದ. ಹಂಪಿಯ ಬೀದಿಗಳಲ್ಲಿ ಈಗ ಗಾಳಿ ಓಡಾಡುತ್ತದೆ. ಓಯಾಂಟಾದ ಬೀದಿಗಳಲ್ಲಿ ಜನ ಇದ್ದಾರೆ. ಅದೇ ನೇರ ಓಣಿಗಳು, ಅದೇ ತಳಪಾಯದ ಮೇಲೆ ಮನೆಗಳು, ಓಣಿಯ ಅಂಚಿನಲ್ಲಿ ಆಗ ತೋಡಿದ ಕಲ್ಲುಕಾಲುವೆಯಲ್ಲಿ ಈಗಲೂ ಹರಿಯುವ ಬೆಟ್ಟದ ನೀರು. ರಾತ್ರಿ ಮಲಗಿದರೆ ಆ ಸದ್ದು ಮಳೆಯಂತೆ ಕೇಳುತ್ತದೆ. ಒಂದು ದೊಡ್ಡ ಬಾಗಿಲು, ಒಳಗೆ ಅಂಗಳ, ಅಂಗಳದ ಸುತ್ತ ಕೋಣೆಗಳು. ಈ ವಠಾರಕ್ಕೆ ‘ಕಾಂಚಾ’ ಎಂದು ಹೆಸರು. ನಾವು ಇಳಿದುಕೊಂಡಿದ್ದೂ ಅಂಥದ್ದರಲ್ಲೇ. ಸೊಂಟದೆತ್ತರದವರೆಗೆ ಇಂಕಾ ಕಲ್ಲು, ಮೇಲೆ ಹಸಿ ಇಟ್ಟಿಗೆ, ಅದರ ಮೇಲೆ ಹೆಂಚು, ಹೆಂಚಿನ ನೆತ್ತಿಯಲ್ಲಿ ದೃಷ್ಟಿ ತಾಗದಿರಲೆಂದು ಮಣ್ಣಿನ ಜೋಡಿ ಹೋರಿ. ಅಡುಗೆಮನೆಯ ನೆಲದ ಮೇಲೆ ಗಿನಿ ಇಲಿಗಳು ಸೊಪ್ಪು ಮೇಯುತ್ತಾ ಓಡಾಡುತ್ತಿದ್ದವು. ಅವನ್ನು ಸಾಕುವುದು ಮುದ್ದಿಗಲ್ಲ, ಹಬ್ಬದ ಊಟಕ್ಕೆ. ನಾನು ಕಿನೋವಾ ಸಾರಿಗೆ ಶರಣಾದೆ. ‘ಮಾಂಸ ಬೇಡ’ ಎಂದು ಹೇಳಿಯೂ ಒಮ್ಮೆ ಕೋಳಿ ಬಂತು. ಅಲ್ಲಿ ಕೋಳಿ ಮಾಂಸದ ಲೆಕ್ಕಕ್ಕೆ ಬರುವುದಿಲ್ಲ.

ಎರಡನೆಯ ದಿನ ಬೆಳಿಗ್ಗೆ, ಪ್ರವಾಸಿ ಬಸ್ಸುಗಳು ಬರುವ ಮೊದಲೇ ಗುಡಿಯ ಗುಡ್ಡ ಹತ್ತಿದೆವು. ಕೆಳಗಿನಿಂದ ನೋಡಿದರೆ ದೈತ್ಯರಿಗೆಂದು ಮಾಡಿದ ಮೆಟ್ಟಿಲಿನಂತೆ ಕಾಣುವ ಹಂತಗದ್ದೆಗಳು. ಪಕ್ಕದ ಮೆಟ್ಟಿಲುಗಳಲ್ಲಿ ನಿಂತು ನಿಂತು ಹತ್ತಿದರೆ ತುದಿಯಲ್ಲಿ ಸಾಲಾಗಿ ನಿಂತ ಆರು ಬಂಡೆಗಳು. ನಸುಗೆಂಪು ರಯೊಲೈಟ್ ಕಲ್ಲು, ಎರಡಾಳು ಎತ್ತರ. ದೊಡ್ಡದು 50 ಟನ್ನಿಗೂ ಹೆಚ್ಚು ತೂಗುತ್ತದೆ. ಎರಡು ಬಂಡೆಗಳ ನಡುವೆ ಪುಸ್ತಕದಲ್ಲಿ ಗುರುತಿಗಿಟ್ಟ ಪಟ್ಟಿಯಂತೆ ತೆಳ್ಳನೆಯ ಕಲ್ಲಿನ ಸೀಳು. ನಾಲ್ಕನೆಯ ಬಂಡೆಯ ಮೇಲೆ ಮೆಟ್ಟಿಲಾಕಾರದ ಉಬ್ಬುಗೆತ್ತನೆ ಸವೆದು ಉಳಿದಿದೆ. ಇದು ಸೂರ್ಯನ ಗುಡಿಯಾಗಬೇಕಿತ್ತು ಎನ್ನುತ್ತಾರೆ. ಆಗಲಿಲ್ಲ. ಸುತ್ತ ಅಡ್ಡಾದಿಡ್ಡಿ ಬಿದ್ದ ಕಲ್ಲುಗಳು, ಅರ್ಧ ಕೆತ್ತಿದವು, ಹೊರಳಿಸಿದವು. ಆಳುಗಳು ಮಧ್ಯಾಹ್ನದ ಊಟಕ್ಕೆಂದು ಎದ್ದು ಹೋಗಿ ತಿರುಗಿ ಬರಲಿಲ್ಲವೇನೋ ಎಂಬಂತಿದೆ. ಕೆಲಸ ಏಕೆ ನಿಂತಿತು ಎಂಬ ಬಗ್ಗೆ ಪಂಡಿತರಲ್ಲಿ ಒಮ್ಮತವಿಲ್ಲ. ಸಿಡುಬು, ಅಣ್ಣತಮ್ಮಂದಿರ ಯುದ್ಧ, ಸ್ಪೇನಿನವರ ಕುದುರೆ, ಎಲ್ಲವೂ ಕೆಲವೇ ವರ್ಷಗಳ ಅಂತರದಲ್ಲಿ ಬಂದವು.

ಈ ಅರ್ಧಂಬರ್ಧವೇ ನನ್ನನ್ನು ಹಿಡಿದು ನಿಲ್ಲಿಸಿತು. ಮುಗಿದ ಗೋಡೆ ತನ್ನ ಗುಟ್ಟು ಬಿಡುವುದಿಲ್ಲ. ಅದನ್ನು ನೋಡಿದವರು ‘ಮನುಷ್ಯರ ಕೈಯಲ್ಲಿ ಆಗುವ ಕೆಲಸವಲ್ಲ’ ಎಂದು ಅನ್ಯಗ್ರಹದವರ ಕಥೆ ಕಟ್ಟುತ್ತಾರೆ. ಅಂಥ ವಿಡಿಯೊಗಳನ್ನು ನಾನೂ ಊರಲ್ಲಿ ಕೂತು ನೋಡಿದ್ದೆ. ಇಲ್ಲಿ ಗುಡ್ಡದ ಮೇಲೆ ನಿಂತು ನೈರುತ್ಯಕ್ಕೆ ಕೈ ತೋರಿದರೆ ಉರುಬಾಂಬಾದ ಆಚೆ ದಂಡೆಯಲ್ಲಿ ಕಾಚಿಕಾಟಾ ಬೆಟ್ಟ ಕಾಣುತ್ತದೆ. ಬಂಡೆ ಬಂದದ್ದು ಅಲ್ಲಿಂದ, ಸುಮಾರು 5 ಕಿ.ಮೀ. ಬೆಟ್ಟದಿಂದ ಜಾರಿಸಿ, ನದಿ ದಾಟಿಸಿ, ಬಯಲಲ್ಲಿ ಎಳೆದು, ಮತ್ತೆ ಈ ಗುಡ್ಡಕ್ಕೆ ಇಳುಕಲಿನ ದಾರಿ ಮಾಡಿ ಏರಿಸಿದ್ದಾರೆ. ದಾರಿಯ ಉದ್ದಕ್ಕೂ ತಲುಪಲಾಗದೆ ಉಳಿದ ಬಂಡೆಗಳು ಇನ್ನೂ ಬಿದ್ದಿವೆ. ಊರವರು ಅವಕ್ಕೆ ದಣಿದ ಕಲ್ಲುಗಳು ಎನ್ನುತ್ತಾರೆ. ಇಂಕಾ ರಾಜಕುಮಾರಿಯ ಮಗ, ಕುಸ್ಕೊದಲ್ಲಿ ಹುಟ್ಟಿದ ಗಾರ್ಸಿಲಾಸೊ ದೆ ಲಾ ವೇಗ 1609ರಲ್ಲಿ ಅಚ್ಚಾದ ತನ್ನ ಗ್ರಂಥದಲ್ಲಿ ಕುಸ್ಕೊ ಕೋಟೆಯ ಇಂಥದೇ ಕಲ್ಲಿನ ಕಥೆ ಹೇಳಿದ್ದಾನೆ. ಎಳೆಯುವಾಗ ಕೈ ಜಾರಿ ಸಾವಿರಾರು ಆಳುಗಳನ್ನು ಅರೆದ ಕಲ್ಲು, ದಣಿದು ರಕ್ತದ ಕಣ್ಣೀರಿಟ್ಟು ಅಲ್ಲೇ ಕೂತುಬಿಟ್ಟಿತಂತೆ. ದಣಿದವರು ಯಾರು, ಅತ್ತವರು ಯಾರು ಎಂದು ಕಥೆ ಕಟ್ಟಿದವರಿಗೆ ಗೊತ್ತಿತ್ತು.

ಕಬ್ಬಿಣ ಇಂಕಾಗಳ ಬಳಿ ಇರಲಿಲ್ಲ. ಭಾರ ಎಳೆಯುವ ದನವಿಲ್ಲ, ಬಂಡಿಯ ಚಕ್ರವೂ ಇಲ್ಲ. ನಮ್ಮ ಕಲ್ಲುಕುಟಿಗನ ಕೈಯಿಂದ ಚಾಣವನ್ನು ಕಿತ್ತುಕೊಂಡು ‘ಈಗ ಕೆತ್ತು’ ಎಂದಂತೆ. ಅವರು ಕಲ್ಲನ್ನು ಕಲ್ಲಿನಿಂದಲೇ ಕುಟ್ಟಿದರು. ನದಿಯಲ್ಲಿ ಉರುಳಿ ದುಂಡಾದ ಗಟ್ಟಿ ಕಲ್ಲುಗುಂಡೇ ಅವರ ಸುತ್ತಿಗೆ. ಜೀನ್-ಪಿಯರ್ ಪ್ರೊಟ್ಜನ್ ಎಂಬ ವಾಸ್ತುಶಿಲ್ಪದ ಪ್ರಾಧ್ಯಾಪಕ ಇದನ್ನು ಮಾಡಿಯೇ ನೋಡಿದ. ಸಣ್ಣ ಕಲ್ಲೊಂದರ ಮೂರು ಮುಖಗಳನ್ನು ಬರೀ ಗುಂಡುಕಲ್ಲಿನಿಂದ ಕುಟ್ಟಿ ಸಮಮಾಡಲು ಅವನಿಗೆ ಹಿಡಿದದ್ದು ಒಂದೂವರೆ ಗಂಟೆ. ಬಂಡೆಯ ಹತ್ತಿರ ಬಗ್ಗಿ ನೋಡಿದರೆ ಪೆಟ್ಟಿನ ಕಲೆಗಳು ಇನ್ನೂ ಇವೆ. ಸವೆದ ಒರಳನ್ನು ಕುಟ್ಟಿಸಿದಾಗ ಬೀಳುತ್ತಿದ್ದ ಚುಕ್ಕಿಗಳ ಹಾಗೆ. ನಡುವೆ ದೊಡ್ಡವು, ಅಂಚಿಗೆ ಬಂದಂತೆ ಸಣ್ಣವು. ಅಂಚು ಒಡೆಯದಿರಲೆಂದು ಅಲ್ಲಿ ಸಣ್ಣ ಗುಂಡು ಹಿಡಿದು ಮೆಲ್ಲಗೆ ಕುಟ್ಟಿದ್ದಾರೆ. ಆ ಎಚ್ಚರಿಕೆಯ ಮೇಲೆ ನಾನು ಬೆರಳಾಡಿಸಿದೆ. ಕಾವಲಿನವನು ಸೀಟಿ ಊದಿದ. ಮುಟ್ಟಬಾರದು.

ಆಳುಗಳು ಕೂಲಿಯವರೂ ಅಲ್ಲ, ಪೂರಾ ಗುಲಾಮರೂ ಅಲ್ಲ. ‘ಮೀತಾ’ ಎಂಬ ಸರದಿ ದುಡಿಮೆ. ಕಂದಾಯವನ್ನು ಹಣದಲ್ಲಲ್ಲ, ಮೈಬೆವರಿನಲ್ಲಿ ಕೊಡಬೇಕಿತ್ತು. ಬದಲಿಗೆ ದೊರೆ ಅವರಿಗೆ ಉಣ್ಣಲು, ಕುಡಿಯಲು ಕೊಡಬೇಕು. ಎದುರು ಬೆಟ್ಟ ಪಿಂಕುಯುನಾದ ಕಡಿದಾದ ಮೈಗೆ ಅಂಟಿಕೊಂಡ ಕಣಜಗಳನ್ನು ನೋಡಿದರೆ ಆ ವ್ಯವಹಾರ ಅರ್ಥವಾಗುತ್ತದೆ. ಗಾಳಿ ಬೀಸುವ ಎತ್ತರದಲ್ಲಿ, ಒಂದು ಕಡೆಯ ಕಿಂಡಿಯಿಂದ ಇನ್ನೊಂದು ಕಡೆಗೆ ತಂಪು ಹಾಯುವಂತೆ ಕಟ್ಟಿ ಕಾಳುಕಡ್ಡಿ ಕಾಪಾಡುತ್ತಿದ್ದರು. ಹತ್ತಲು ಟಿಕೆಟ್ ಇಲ್ಲ, ಕಾಲು ಗಟ್ಟಿ ಬೇಕು.

1537ರ ಆರಂಭದಲ್ಲಿ ಇದೇ ಬಯಲಲ್ಲಿ ಸ್ಪೇನಿನವರು ಸೋತರು. ಅಂಥ ಗೆಲುವುಗಳು ಇಂಕಾಗಳಿಗೆ ಹೆಚ್ಚು ಸಿಗಲಿಲ್ಲ. ಬಂಡೆದ್ದ ದೊರೆ ಮಾಂಕೊ ಇಂಕಾನನ್ನು ಹಿಡಿಯಲು ಎರ್ನಾಂಡೊ ಪಿಸಾರೊ ಕುದುರೆ ದಂಡು ಕಟ್ಟಿಕೊಂಡು ಬಂದ. ಹಂತಗದ್ದೆಗಳ ಮೇಲಿಂದ ಕವಣೆಗಲ್ಲು, ಬಾಣ ಸುರಿದವು. ಅಷ್ಟರಲ್ಲಿ ಮಾಂಕೊ ಕಾಲುವೆ ತಿರುಗಿಸಿ ಬಯಲಿಗೆ ನೀರು ನುಗ್ಗಿಸಿದ. ಕೆಸರಿನಲ್ಲಿ ಕುದುರೆಗಳು ಹೂತವು, ದಂಡು ರಾತ್ರೋರಾತ್ರಿ ಹಿಂದಿರುಗಿತು. ಆದರೆ ಇನ್ನೂ ದೊಡ್ಡ ದಂಡು ಬಂದೇ ಬರುತ್ತದೆಂದು ಅವನು ಬಲ್ಲ. ಆ ವರ್ಷವೇ ಊರು ಬಿಟ್ಟು ವಿಲ್ಕಬಾಂಬಾದ ಕಾಡು ಸೇರಿದ. ಅವನ ಮಗ ತುಪಾಕ್ ಅಮಾರುವಿನ ತಲೆಯನ್ನು 1572ರಲ್ಲಿ ಕುಸ್ಕೊದ ಚೌಕದಲ್ಲಿ ಕಡಿದರು.

ಮೂರನೆಯ ದಿನ ಮನೆಯೊಡತಿ ಅಡುಗೆಮನೆಗೆ ಕರೆದರು. ಅಂಗೈಯಗಲದ ತಟ್ಟೆಯಲ್ಲಿ ಬೇಯಿಸಿದ ಆಲೂಗಡ್ಡೆ. ನೇರಳೆ, ಹಳದಿ, ಒಂದಂತೂ ಶುಂಠಿಯ ಹಾಗೆ ಗಂಟುಗಂಟು. ಆಂಡೀಸ್‌ನಲ್ಲಿ ನಾಟಿ ಆಲೂಗಡ್ಡೆಯ ತಳಿಗಳೇ ಸುಮಾರು 4,000. ಲಿಮಾದಲ್ಲಿ 1971ರಿಂದ ಇದಕ್ಕೆಂದೇ ಅಂತರರಾಷ್ಟ್ರೀಯ ಸಂಶೋಧನಾ ಕೇಂದ್ರವಿದೆ. ಹಾಸನದ ಸಂತೆಯಲ್ಲಿ ಮೂಟೆಗಟ್ಟಲೆ ನೋಡಿದ ಗೆಡ್ಡೆಯ ತವರುಮನೆಯಲ್ಲಿ ಕೂತಿದ್ದೆ. ನಂಚಿಕೊಳ್ಳಲು ಉಚುಕೂಟಾ. ‘ಉಚು’ ಎಂದರೆ ಮೆಣಸಿನಕಾಯಿ, ‘ಕೂಟಾ’ ಅರೆದದ್ದು. ಚಪ್ಪಟೆ ಕಲ್ಲಿನ ಮೇಲೆ ದಪ್ಪ ಕಲ್ಲನ್ನು ತೊಟ್ಟಿಲಿನಂತೆ ಅತ್ತಿತ್ತ ತೂಗುತ್ತಾ ಹಸಿಮೆಣಸು, ಚೆಂಡುಹೂವಿನ ಜಾತಿಯ ಒಂದು ಸೊಪ್ಪು, ಹುರಿದ ಕಡಲೆಕಾಯಿ ಅರೆದಿದ್ದರು. ನಾನು ಚಟ್ನಿ ಎಂದೆ, ಅವರು ಉಚುಕೂಟಾ ಎಂದರು. ಮೆಣಸಿನಕಾಯಿ, ಆಲೂಗಡ್ಡೆ, ಕಡಲೆಕಾಯಿ ಮೂರೂ ಈ ಖಂಡದಿಂದಲೇ ನಮ್ಮ ಅಡುಗೆಮನೆಗೆ ಬಂದವು ಎಂಬುದನ್ನು ಓದಿದ್ದೆ. ಅಂದು ನಾಲಿಗೆಗೆ ತಿಳಿಯಿತು.

ಅವರ ಕೆಚುವಾ ಮಾತು ಕೇಳುತ್ತಾ ಕೂತರೆ ಇನ್ನೊಂದು ತಮಾಷೆ. ‘ವಾಸಿ’ ಎಂದರೆ ಮನೆ. ‘ವಾಸಿಕುನಾ’ ಮನೆಗಳು, ‘ವಾಸಿಪಿ’ ಮನೆಯಲ್ಲಿ, ‘ವಾಸಿಮಾಂತಾ’ ಮನೆಯಿಂದ. ಕನ್ನಡದ ಹಾಗೆಯೇ ಬಾಲಕ್ಕೆ ಬಾಲ ಅಂಟಿಸುತ್ತಾ ಹೋಗುವ ನುಡಿ, ಕ್ರಿಯಾಪದ ಸಾಮಾನ್ಯವಾಗಿ ಕೊನೆಗೆ. ನೆಂಟಸ್ತಿಕೆ ಏನೂ ಇಲ್ಲ, ಯಾರೂ ಕಟ್ಟಬೇಡಿ. ಆದರೆ ಸ್ಪ್ಯಾನಿಷ್‌ಗೆ ತಡವರಿಸುತ್ತಿದ್ದ ನನಗೆ ಇದು ಬೇಗ ಹತ್ತಿತು.

ಮಾಚು ಪಿಚು? ಹೋದೆವು. ನದಿಯ ಪಕ್ಕ ಎರಡು ಗಂಟೆಯ ರೈಲು, ಆಮೇಲೆ ಹಾವಿನಂಥ ರಸ್ತೆಯಲ್ಲಿ ಬಸ್ಸು. ಟಿಕೆಟ್ ತಿಂಗಳುಗಳ ಮೊದಲೇ ಕಾದಿರಿಸಬೇಕು, ಗೊತ್ತುಮಾಡಿದ ದಾರಿಯಲ್ಲೇ ನಡೆಯಬೇಕು. ಮಂಜು ಸರಿದಾಗ ಆ ಊರು ಬೆಟ್ಟದ ಬೆನ್ನ ಮೇಲೆ ಚಿತ್ರದಲ್ಲಿ ಇರುವಂತೆಯೇ ಇತ್ತು. ಅದೇ ನನ್ನ ತಕರಾರು. ಅಮೆರಿಕದ ಹೈರಮ್ ಬಿಂಗಮ್ 1911ರ ಜುಲೈ 24ರಂದು ಅದನ್ನು ‘ಕಂಡುಹಿಡಿದ’ ಎನ್ನುತ್ತಾರೆ. ಅವನು ಹೋದಾಗ ಅಲ್ಲಿ ರೈತ ಕುಟುಂಬಗಳು ಬೇಸಾಯ ಮಾಡಿಕೊಂಡಿದ್ದವು. ಕುಸ್ಕೊ ಸೀಮೆಯ ಅಗುಸ್ತಿನ್ ಲಿಸಾರಾಗ 1902ರಲ್ಲೇ ಗೋಡೆಯ ಮೇಲೆ ಇದ್ದಿಲಿನಿಂದ ಹೆಸರು ಬರೆದು ಹೋಗಿದ್ದ. ಒಂದರ ಕೆಳಗೊಂದರಂತೆ ಇಳಿಯುವ 16 ನೀರಿನ ದೋಣಿಗಳು ಮಾತ್ರ ನನ್ನನ್ನು ಬಹಳ ಹೊತ್ತು ನಿಲ್ಲಿಸಿದವು. ಸಂಜೆಯ ರೈಲಿಗೆ ಓಯಾಂಟಾಗೆ ಮರಳಿದಾಗ ಸ್ವಂತ ಊರಿಗೆ ಬಂದಂತಾಯಿತು.

ಕೊನೆಯ ಬೆಳಿಗ್ಗೆ ದಣಿದ ಕಲ್ಲುಗಳನ್ನು ಹತ್ತಿರದಿಂದ ನೋಡಲು ಸೇತುವೆ ದಾಟಿ ಕಾಚಿಕಾಟಾದ ಕಡೆ ನಡೆದೆ. ಮಗಳು ಮುಂದೆ ಹೋಗಿದ್ದಳು. ಬಿಸಿಲೇರಿ ಉಸಿರು ಸಿಕ್ಕದಾದಾಗ ಜೋಳದ ಹೊಲದ ಅಂಚಿನಲ್ಲಿದ್ದ ಬಂಡೆಯೊಂದರ ಮೇಲೆ ಕೂತೆ. ಒಂದು ಬದಿ ಸಮಮಾಡಿದ್ದರು, ಉಳಿದದ್ದು ಒರಟು. ಹೊಲದೊಳಗಿನಿಂದ ಕೆಂಪು ಪೊಂಚೊ ಹೊದ್ದ ಮುದುಕರೊಬ್ಬರು ಬಂದು ನನ್ನನ್ನೂ ಕಲ್ಲನ್ನೂ ನೋಡಿದರು. ಬಾಯಲ್ಲಿದ್ದ ಎಲೆಯನ್ನು ಇನ್ನೊಂದು ದವಡೆಗೆ ಸರಿಸಿ ಕಲ್ಲು ತಟ್ಟಿ ‘ಸಾಯ್ಕುಸ್ಕಾ’ ಎಂದರು. ದಣಿದದ್ದು. ಆಮೇಲೆ ನನ್ನ ಭುಜ ತಟ್ಟಿ, ನಗುತ್ತಾ, ಪ್ರಶ್ನೆಯ ಬಾಲ ಅಂಟಿಸಿ ಅದೇ ಮಾತು ಕೇಳಿದರು, ‘ಸಾಯ್ಕುಸ್ಕಾಚು?’

ಹೌದೆಂದು ತಲೆಯಾಡಿಸಿದೆ. ಅವರೂ ಪಕ್ಕಕ್ಕೆ ಬಂದು ಕೂತರು, ಚೀಲ ಬಿಚ್ಚಿ ನಾಲ್ಕು ಎಲೆ ಕೊಟ್ಟರು.